ಇಲ್ಲಿಗೆ ಮಂಗಳ

ನನ್ನ ಮೊಮ್ಮಗಳು ಈಗ ಬೇರೆ ಭಾಷೆಯ ಸಿನಿಮಾಗಳಿಗೆ ಕನ್ನಡದ ದನಿ ಕೊಡುವ ಕೆಲಸ ಹಿಡಿದಿದ್ದಾಳೆ. ಗಾಜಿನ ಕೋಣೆ, ಕಿವಿಗೆ ಯಂತ್ರ, ಎದುರಿಗೆ ಬರೆದಿಟ್ಟ ಮಾತು. ತಪ್ಪಿದರೆ ಇನ್ನೊಮ್ಮೆ, ಮತ್ತೂ ತಪ್ಪಿದರೆ ಮತ್ತೊಮ್ಮೆ. ಮೊನ್ನೆ ಬಂದವಳು, ಈ ಕೆಲಸ ಭಾಳ ತ್ರಾಸಿನದು ಅಜ್ಜಾ ಎಂದಳು. ನನಗೆ ನಗು ತಡೆಯಲಾಗಲಿಲ್ಲ. ಅವಳ ಜೊತೆ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರೂ ಇದನ್ನು ಓದುತ್ತಾರಂತೆ. ಆದ್ದರಿಂದ ನಮ್ಮ ಕಾಲದಲ್ಲಿ ಇದೇ ಕೆಲಸ ಹೇಗಿತ್ತು ಎಂಬುದನ್ನು ಮರೆಯುವ ಮೊದಲು ಬರೆದುಬಿಡುತ್ತೇನೆ. ನಮಗೆ ಇನ್ನೊಮ್ಮೆ ಎಂಬುದೇ ಇರಲಿಲ್ಲ. ಬಾಯಿಂದ ಬಿದ್ದ ಮಾತು ಡೇರೆಯ ತುಂಬಾ ಹರಡಿ, ಜನರ ಜೊತೆಗೆ ಅವರವರ ಮನೆಗೆ ಹೋಗಿಬಿಡುತ್ತಿತ್ತು. ಹಾಗೆ ಹೋದ ಒಂದೇ ಒಂದು ಮಾತನ್ನು ಹಿಂದಕ್ಕೆ ತರಲು ನಾನು ಲಕ್ಷ್ಮೇಶ್ವರದಿಂದ ಮುಂಡರಗಿಯವರೆಗೆ ಮೂಗನಾಗಿ ಪ್ರಯಾಣ ಮಾಡಬೇಕಾಯಿತು.

ನಾನು ಬೆಟಗೇರಿಯ ನೇಕಾರರ ಮನೆಯವನು. ಮುಲ್ಕಿ, ಅಂದರೆ ಏಳನೆಯ ತರಗತಿಯ ಪರೀಕ್ಷೆ, ಪಾಸಾಗಿ, ಇಂಗ್ಲಿಷ್ ಇಯತ್ತೆಗಳಲ್ಲಿ ಎರಡನ್ನು ಹತ್ತಿ ಮೂರನೆಯದರಿಂದ ಜಾರಿದವನು. ಮಗ್ಗಗಳ ಸದ್ದಿನ ನಡುವೆ ಬೆಳೆದವರು ಉಪ್ಪು ಬೇಕೆಂದರೂ ಕೂಗಿಯೇ ಕೇಳುತ್ತಾರೆ. ಆ ಕೂಗು ಒಂದು ದಿನ ನಮ್ಮ ಓಣಿಯಲ್ಲಿ ಹೋಗುತ್ತಿದ್ದ ವೀರಪ್ಪ ಮಾಲಕರ ಕಿವಿಗೆ ಬಿತ್ತು. ಅವರದು ಟೂರಿಂಗ್ ಟಾಕೀಸು, ಅಂದರೆ ಊರೂರಿಗೆ ಡೇರೆ ಹೊತ್ತು ತಿರುಗುವ ಸಿನಿಮಾ. ಇಂಗ್ಲಿಷ್ ಚಿತ್ರ ಓಡುವಾಗ ಪರದೆಯ ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಕಥೆ ಹೇಳುವವನೊಬ್ಬ ಅವರಿಗೆ ಬೇಕಾಗಿದ್ದ. ನನ್ನ ವಿದ್ಯೆ ಎಷ್ಟೆಂದು ಅವರು ಕೇಳಲೇ ಇಲ್ಲ. ಕೆರೆಯ ಆಚೆ ದಂಡೆಗೆ ಹೋಗಿ ನಿಂತು, ಈಚೆಯಿಂದ ನಿನ್ನ ಹೆಸರು ಕೂಗು ಎಂದು ಸನ್ನೆ ಮಾಡಿದರು. ಕೂಗಿದೆ. ಅಲ್ಲಿಂದಲೇ ತಲೆಯಾಡಿಸಿ ಕೆಲಸ ಕೊಟ್ಟರು. ಅಂದಿನಿಂದ ಜನರ ಬಾಯಲ್ಲಿ ನಾನು ಬಾಯಿ ಮಾಸ್ತರನಾದೆ.

ಬಾಯಿ ಮಾಸ್ತರನ ಜಾಗ ಪರದೆಯ ಎಡಗಡೆ. ನಿಲ್ಲಲು ಒಂದು ಮೇಜು, ಕೈಯಲ್ಲಿ ತಗಡಿನ ತುತ್ತೂರಿ. ಯಂತ್ರ ನಡೆಸುವ ಇಮಾಮಸಾಬ ಚಿತ್ರದ ದನಿಯನ್ನು ತಗ್ಗಿಸುತ್ತಿದ್ದ, ನಾನು ನನ್ನದನ್ನು ಏರಿಸುತ್ತಿದ್ದೆ. ಯಾರಿಗೆ ಯಾರು ಏನಾಗಬೇಕು, ಯಾರು ಒಳ್ಳೆಯವ, ಯಾರು ಕೆಟ್ಟವ, ಈಗ ಯಾಕೆ ಅಳುತ್ತಿದ್ದಾರೆ, ಎಲ್ಲ ಹೇಳುವವನು ನಾನೇ. ನನಗೆ ಆ ಇಂಗ್ಲಿಷು ಅರ್ಥವಾಗುತ್ತಿತ್ತು ಎಂದುಕೊಳ್ಳಬೇಡಿ. ಅಲ್ಲೊಂದು ಇಲ್ಲೊಂದು ಮಾತು ಸಿಕ್ಕರೆ ಅದೇ ಪುಣ್ಯ. ಉಳಿದದ್ದನ್ನು ಅವರ ಮುಖ ನೋಡಿ ಹೊಂದಿಸುತ್ತಿದ್ದೆ. ಒಮ್ಮೆ ಕುದುರೆ ಸವಾರರ ಚಿತ್ರದಲ್ಲಿ ಟೋಪಿ ಹಾಕಿದ ಇಬ್ಬರನ್ನು ಒಬ್ಬನೇ ಎಂದು ತಿಳಿದು ಅರ್ಧ ಕಥೆ ಹೇಳಿಬಿಟ್ಟಿದ್ದೆ. ಅವನು ಗುಂಡು ತಿಂದು ಸತ್ತ. ನಾನೂ ತುತ್ತೂರಿಯಲ್ಲಿ ಒಂದಿಷ್ಟು ದುಃಖಪಟ್ಟೆ. ಮರುಗಳಿಗೆಗೆ ಅವನೇ ಕುದುರೆ ಏರಿ ನಗುತ್ತಾ ಬಂದ. ಇವನು ಸತ್ತವನ ತಮ್ಮ, ಮುಂಬೈಯಲ್ಲಿದ್ದ, ಖಬರು ಕೇಳಿ ಬಂದಿದ್ದಾನೆ ಎಂದೆ. ಅಣ್ಣ ಸತ್ತರೂ ನಗುತ್ತಾನಲ್ಲ ಎಂದು ಜನ ಕೊನೆಯವರೆಗೂ ಅವನನ್ನು ಬೈದರು. ಅವನೇ ಆ ಚಿತ್ರದ ನಾಯಕನಾಗಿದ್ದ.

ಮುದ್ದು ಕೊಡುವ ದೃಶ್ಯ ಬಂದರೆ ಗದಗಿನಲ್ಲಿ ಶಿಳ್ಳೆ ಬೀಳುತ್ತಿತ್ತು, ನಾನು ಸುಮ್ಮನಿದ್ದರೂ ನಡೆಯುತ್ತಿತ್ತು. ಶಿರಹಟ್ಟಿಯಲ್ಲಿ ಹೆಣ್ಣುಮಕ್ಕಳು ಕೂತ ಕಡೆಯಿಂದ ಉಸಿರೇ ಕೇಳಿಸುತ್ತಿರಲಿಲ್ಲ. ಅಲ್ಲಿ ನಾನು, ಆಕೆಯ ಕಣ್ಣಿನಲ್ಲಿ ಕಸ ಬಿದ್ದಿದೆ, ಊದಿ ತೆಗೆಯುತ್ತಿದ್ದಾನೆ ಎನ್ನುತ್ತಿದ್ದೆ. ಒಂದು ಚಿತ್ರದಲ್ಲಿ ಬಹಳ ಸಲ ಕಸ ಬಿತ್ತು. ಆಟ ಮುಗಿದ ಮೇಲೆ ಒಬ್ಬ ಮುದುಕಿ ಹತ್ತಿರ ಬಂದು, "ಆ ದೇಶದಾಗ ಧೂಳು ಭಾಳ ಐತೇನಪಾ?" ಎಂದು ಮರುಗಿ ಕೇಳಿದಳು.

ಆಗ ನಮ್ಮ ಸೀಮೆ ತುಂಡು ಬಟ್ಟೆ ಕೂಡಿಸಿ ಹೊಲಿದ ಕೌದಿಯ ಹಾಗಿತ್ತು. ಗದಗ, ಮುಂಡರಗಿ ಮುಂಬೈ ಸರಕಾರದವು. ಲಕ್ಷ್ಮೇಶ್ವರ ಮಿರಜಿನ ರಾಜರದು, ಶಿರಹಟ್ಟಿ ಸಾಂಗಲಿಯವರದು. ಸ್ವಾತಂತ್ರ್ಯ ಬಂದ ಮೇಲೆ ಅವೂ ಮುಂಬೈಗೆ ಸೇರಿದವು. ಮುಂಡರಗಿಯಿಂದ ತುಸು ಆಚೆಗೆ ಹೋದರೆ ಹೈದರಾಬಾದು. ತುಂಗಭದ್ರೆ ದಾಟಿದರೆ ಮೊದಲು ಮದ್ರಾಸು, ಆಮೇಲೆ ಮೈಸೂರು. ಹೀಗಾಗಿ ಪರದೆಯ ಮೇಲೆ ದಂಡು ಕಂಡರೆ ಜನ ಮೊದಲು ಕೇಳುವುದು, ಅದು ಯಾವ ಸರಕಾರದ್ದು ಎಂದು. ಮುಂಡರಗಿಯಲ್ಲಿ ಒಮ್ಮೆ ನಮ್ಮ ಸರಕಾರದ್ದೇ ಎಂದುಬಿಟ್ಟೆ. ಆ ದಂಡು ಸೋತು ಓಡಿತು. ಮರುದಿನ ಫೌಜದಾರರು ಕರೆಸಿ, ನಮ್ಮ ದಂಡು ಓಡಿಹೋಗುತ್ತದೆ ಎಂದು ಸಾರಲು ನಿನಗೆ ಯಾರು ಹೇಳಿದರು ಎಂದು ಕೇಳಿದರು. ಆಮೇಲೆ ನಾನು ಗೆಲ್ಲುವ ದಂಡನ್ನು ಮಾತ್ರ ನಮ್ಮದು ಮಾಡುತ್ತಿದ್ದೆ. ಯಾವುದು ಗೆಲ್ಲುತ್ತದೆಂದು ಮೊದಲೇ ತಿಳಿಯದಿದ್ದರೆ ಎರಡನ್ನೂ ಪರದೇಶಕ್ಕೆ ಕಳಿಸುತ್ತಿದ್ದೆ.

ಇನ್ನು ಆ ಚಿತ್ರದ ವಿಷಯ. ರಾಜ್ಯ ಒಂದಾಗುವ ಮಾತು ಎಲ್ಲರ ಬಾಯಲ್ಲಿದ್ದ ವರ್ಷ ಅದು. ಹುಬ್ಬಳ್ಳಿಯ ಕಚೇರಿಯಿಂದ ಮಾಲಕರು ಒಂದು ಯುದ್ಧದ ಚಿತ್ರ ತಂದರು. ಅದರಲ್ಲಿ ಯುದ್ಧ ಮನುಷ್ಯ ಮನುಷ್ಯರ ನಡುವೆ ಅಲ್ಲ. ಆಕಾಶದಿಂದ ಬೇರೆ ಲೋಕದವರು ಯಂತ್ರಗಳಲ್ಲಿ ಇಳಿದು ಊರೂರನ್ನೇ ಸುಡುತ್ತಾರೆ. ಕೊಡದ ಮೇಲೆ ಸೌಟು ನೆಟ್ಟಂತಹ ಯಂತ್ರ, ಆ ಸೌಟು ತಿರುಗಿದ ಕಡೆಗೆಲ್ಲ ಬೆಂಕಿ. ತೋಪು, ವಿಮಾನ, ಬಾಂಬು ಯಾವುದಕ್ಕೂ ಅವರು ಜಗ್ಗುವುದಿಲ್ಲ. ನನಗೆ ತಲೆಬುಡ ತಿಳಿಯಲಿಲ್ಲ. ಗದಗಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಮಾಸ್ತರರೊಬ್ಬರನ್ನು ಕರೆತಂದು ತೋರಿಸಿದೆ. ಅವರು ಬಹಳ ಖುಷಿಪಟ್ಟರು. ಇದು ಹಳೆಯ, ದೊಡ್ಡ ಹೆಸರಿನ ಕಾದಂಬರಿ. ಬರೆದವನು ಇಂಗ್ಲೆಂಡಿನವನು, ಕಥೆ ನಡೆಯುವುದೂ ಅವನ ಊರ ಸುತ್ತಲೇ. ಸಿನಿಮಾದವರು ಅದನ್ನು ಎತ್ತಿ ಅಮೆರಿಕಕ್ಕೆ ಒಯ್ದಿದ್ದಾರೆ, ಹೊಸ ಬಾಂಬುಗಳನ್ನೂ ಸೇರಿಸಿದ್ದಾರೆ ಎಂದರು. ಹಾಗೆ ಒಯ್ಯಬಹುದೇ ಎಂದು ಕೇಳಿದೆ. ಕಥೆಯ ಜೀವ ಕೆಡದಿದ್ದರೆ ಎಲ್ಲಿಗಾದರೂ ಒಯ್ಯಬಹುದು ಎಂದರು. ಆ ಮಾತನ್ನು ನಾನು ಗಂಟು ಕಟ್ಟಿಕೊಂಡೆ. ಬಂದವರು ಯಾವ ಲೋಕದವರೆಂದು ಕೇಳಿದ್ದಕ್ಕೆ ಮಂಗಳ ಗ್ರಹದವರು ಎಂದರು. ಕೊನೆಗೆ ಅವರು ಸಾಯುವುದು ಯಾರ ಬಾಂಬಿನಿಂದಲೂ ಅಲ್ಲ, ನಮ್ಮ ಭೂಮಿಯ ಗಾಳಿ ನೀರಿನಲ್ಲಿರುವ ಕಣ್ಣಿಗೆ ಕಾಣದ ಕ್ರಿಮಿಗಳಿಂದ. ನಮಗೆ ಅವು ರೂಢಿ, ಅವರಿಗೆ ಹೊಸವು ಎಂದೂ ತಿಳಿಸಿದರು.

ಬೆಟಗೇರಿಯಲ್ಲಿ ಮೊದಲ ಆಟ. ನಮ್ಮೂರು, ನಮ್ಮ ಜನ. ಆಕಾಶದಿಂದ ಬೆಂಕಿಯ ಉಂಡೆ ಬೀಳುತ್ತಲೇ ನಾನು ತುತ್ತೂರಿ ಎತ್ತಿ, ಎದೆ ತುಂಬಿ, "ಮಂಗಳ ಬಂತು" ಎಂದು ಕೂಗಿದೆ. ಹಿಂದೆ ಕೂತವರು ಎದ್ದು ಕಂಬಳಿ ಝಾಡಿಸತೊಡಗಿದರು. ಹೆಂಗಸರು ಮಲಗಿದ್ದ ಕೂಸುಗಳನ್ನು ಹೆಗಲಿಗೆ ಹಾಕಿಕೊಂಡರು. ಬಯಲಾಟವಾಗಲಿ, ಭಜನೆಯಾಗಲಿ, ಮಂಗಳ ಎಂದರೆ ನಮ್ಮ ಕಡೆ ಮುಗಿಯಿತು ಎಂದೇ ಅರ್ಥ. ಅರ್ಧ ಡೇರೆ ಚಪ್ಪಲಿ ಹುಡುಕುತ್ತಿತ್ತು. ವೀರಪ್ಪ ಮಾಲಕರು ಬಾಗಿಲಲ್ಲಿ ಕೈ ಅಡ್ಡ ಹಿಡಿದು ನಿಂತು ಎಲ್ಲರನ್ನೂ ಒಳಗೆ ನೂಕಿ, ನನ್ನ ಮೇಜಿನ ಬುಡಕ್ಕೆ ಬಂದರು. "ಸುರು ಆಗೂದರಾಗ ಮುಗಿಸಿದೆಲ್ಲೋ ಮಾರಾಯಾ. ಆ ಹೆಸರು ಬಿಟ್ಟು ಬ್ಯಾರೆ ಏನರ ಅನ್ನು."

ಬೇರೆ ಏನು ಅನ್ನುವುದು? ಮಂಗಳ ಎಂಬುದನ್ನು ಒಬ್ಬ ಆಸಾಮಿ ಮಾಡಿದೆ. ಮಂಗಳ್ಯಾ. ಸಿಟ್ಟು ಬಂದಾಗ ನಾವು ಯಾರನ್ನಾದರೂ ಕರೆಯುವ ರೀತಿ ಅದು, ಒಮ್ಮೆಗೇ ಎಲ್ಲರಿಗೂ ಹಿಡಿಸಿತು. ಮಂಗಳ್ಯಾ ಬಂದ, ಮಂಗಳ್ಯಾ ಸುಟ್ಟ. ಸಾಲದೆಂದು ಇನ್ನೊಂದು ಮಾತನ್ನೂ ಸೇರಿಸಿದೆ. "ಇವ ಯಾರಂತೀರಿ? ನಿಮ್ಮ ಹುಡುಗ್ಯಾರ ಜಾತಕದಾಗ ಬಂದು ಕುಂತು ಲಗ್ನ ಕೆಡಸ್ತಾನಲ್ರಿ, ಅವನ ಇವ." ಡೇರೆ ಬಿದ್ದು ಬಿದ್ದು ನಕ್ಕಿತು. ಎಲ್ಲ ದೇಶಗಳೂ ಅವನ ವಿರುದ್ಧ ಕೂಡಿ ನಿಂತಾಗ, ಹರಿದು ಹಂಚಿಹೋದವರೆಲ್ಲ ಒಂದಾದರು ಎಂದೆ. ಶಿಳ್ಳೆ, ಚಪ್ಪಾಳೆ. ಕೊನೆಗೆ ಮಂಗಳ್ಯಾ ನೆಗಡಿ ಹತ್ತಿ ಸತ್ತ ಎಂದಾಗ ಮುದುಕರೂ ಎದ್ದು ನಿಂತು ಕುಣಿದರು. ಕಿರಿಯರಿಗೆ ಇಲ್ಲಿ ಒಂದು ಮಾತು ಹೇಳುತ್ತೇನೆ. ಒಂದೂರಲ್ಲಿ ನಗಿಸಿದ ಮಾತನ್ನು ಇನ್ನೊಂದೂರಿಗೆ ಒಯ್ಯುವ ಮೊದಲು ಅಲ್ಲಿ ಯಾರು ಕೂತಿದ್ದಾರೆಂದು ನೋಡಿಕೊಳ್ಳಿ. ನಾನು ನೋಡಿಕೊಳ್ಳಲಿಲ್ಲ.

ಅಲ್ಲಿಂದ ನಾವು ಲಕ್ಷ್ಮೇಶ್ವರಕ್ಕೆ ಹೋದೆವು. ಡೇರೆ ಹಾಕಿದ್ದು ಫಕೀರಪ್ಪ ಎಂಬುವರ ಮನೆಯ ಹಿಂದಿನ ಬಯಲಿನಲ್ಲಿ. ಮೆತ್ತಗಿನ ಮನುಷ್ಯ, ನಮ್ಮ ಎಂಜಿನ್ನಿನ ಹೊಗೆಗೂ ಬೇಸರ ಮಾಡಿಕೊಳ್ಳದವರು. ಅವರ ಮಗಳು ನೀಲವ್ವ. ವಯಸ್ಸು ಇಪ್ಪತ್ತು ದಾಟಿತ್ತು, ಆ ಕಾಲಕ್ಕೆ ಅದು ಬಹಳ ತಡ. ಜಾತಕದಲ್ಲಿ ಮಂಗಳ ಇದೆಯೆಂದು ಬಂದ ಸಂಬಂಧಗಳೆಲ್ಲ ಹೊಸ್ತಿಲಿಂದಲೇ ತಿರುಗಿಹೋಗಿದ್ದವು. ಈಗ ಮುಂಡರಗಿಯ ಹತ್ತಿರ ತುಂಗಭದ್ರೆಯ ದಂಡೆಯಲ್ಲಿರುವ ಕೊರ್ಲಹಳ್ಳಿಯ ಮಲ್ಲಪ್ಪ ಎಂಬ ಹುಡುಗ ಒಪ್ಪಿದ್ದ. ಶಾಂತಿ ಮಾಡಿಸಿದರೆ ಅಡ್ಡಿಯಿಲ್ಲ ಎಂದು ಪಂಚಾಂಗದವರು ಹೇಳಿದ್ದರಿಂದ ಅವನ ಮನೆಯ ಹಿರಿಯಳಾದ ಹೊಳೆವ್ವ ಆಯಿಯೂ ಒಪ್ಪಿದ್ದಳು. ಆಯಿ ಎಂದರೆ ನಮ್ಮ ಕಡೆ ಅಜ್ಜಿ. ಮನೆ ನೋಡಿ ಮಾತು ಮುಗಿಸಿ ಹೋಗಲು ಮೊಮ್ಮಗನ ಜೊತೆ ಅವಳು ಅಂದೇ ಬಂದಿದ್ದಳು. ಬೀಗರಾಗುವವರಿಗೆ ಏನು ಸಂತೋಷ ಮಾಡುವುದು? ಫಕೀರಪ್ಪ ಅವರನ್ನು ಕರೆತಂದು ನಮ್ಮ ಡೇರೆಯಲ್ಲಿ ಮುಂದೆಯೇ ಕೂರಿಸಿದರು. ಇದೊಂದೂ ನನಗೆ ಗೊತ್ತಿರಲಿಲ್ಲ.

ನಾನು ಹುಮ್ಮಸ್ಸಿನಿಂದ ಶುರು ಮಾಡಿದೆ. ಜಾತಕದಲ್ಲಿ ಕೂರುವ ಮಂಗಳ್ಯಾ ಇವನೇ ಎಂದೆ. ಹಿಂದಿನವರು ನಕ್ಕರು. ಮುಂದೆ ಯಾರೋ ನಗಲಿಲ್ಲ, ನಾನು ಲಕ್ಷ್ಯ ಕೊಡಲಿಲ್ಲ. ಮಂಗಳ್ಯಾ ಊರು ಸುಟ್ಟ, ದಂಡು ಸುಟ್ಟ, ಬಾಂಬಿಗೂ ಬಗ್ಗಲಿಲ್ಲ. ಜನ ತಮ್ಮ ಚರ್ಚುಗಳಲ್ಲಿ ಸೇರಿ ಕೈಮುಗಿದು ಕೂತರು. ಇನ್ನೊಂದೇ ಡಬ್ಬಿ, ಅದರಲ್ಲಿ ಅವನ ಸಾವು. ಇಮಾಮಸಾಬ ಆ ಡಬ್ಬಿಯ ಸುರುಳಿ ಏರಿಸಿ ದೀಪ ಹಚ್ಚಿದ. ಪರದೆಯ ಮೇಲೆ ಕಚ್ಚೆ ಸೀರೆಯ ಐವರು ಮುತ್ತೈದೆಯರು ಆರತಿ ತಟ್ಟೆ ಹಿಡಿದು ಹಾಡುತ್ತಾ ಬಂದರು.

ಇಮಾಮಸಾಬ ಕಿಂಡಿಯಿಂದ ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಗದಗಿನ ಬಸ್ ನಿಲ್ದಾಣದಲ್ಲಿ ನಮ್ಮ ಡಬ್ಬಿಗಳ ಪಕ್ಕದಲ್ಲೇ ಮುಂಡರಗಿಯ ಡೇರೆಗೆ ಹೋಗುವ ಭಕ್ತಿಯ ಚಿತ್ರದ ಡಬ್ಬಿಗಳೂ ಇದ್ದವು. ಎರಡೂ ಒಂದೇ ಕಚೇರಿಯವು, ಎರಡರ ಕೊನೆಯ ಡಬ್ಬಿಯ ಮೇಲೂ ಒಂದೇ ಅಂಕಿ. ಅದಲು ಬದಲಾಗಿತ್ತು. ಮುತ್ತೈದೆಯರು ಯಾರಿಗೋ ಆರತಿ ಎತ್ತುತ್ತಿದ್ದರು, ಯಾರಿಗೆಂದು ಇನ್ನೂ ಕಂಡಿರಲಿಲ್ಲ. ಜನ ನನ್ನ ಕಡೆ ತಿರುಗಿದರು. ಬಾಯಿ ಮಾಸ್ತರ ಸುಮ್ಮನಿರುವ ಹಾಗಿಲ್ಲ. ಆಟ ಮುಗಿಯಿತೆಂದು ಹೇಳಿ ಪಾರಾಗೋಣ ಎಂದು, ಬಯಲಾಟದವರು ಹೇಳುವ ಹಾಗೆ, "ಇಲ್ಲಿಗೆ ಮಂಗಳ" ಎಂದು ಕೂಗಿದೆ. ಇಮಾಮಸಾಬ ಯಂತ್ರ ನಿಲ್ಲಿಸಿದ.

ಆ ಮಾತು ಹೊರಗೆ ಹೋಗುವಾಗ ಏನಾಗಿ ಹೋಯಿತು ಎಂಬುದು ಬೆಳಗ್ಗೆ ತಿಳಿಯಿತು. ಸೋತ ಊರಿನ ಹೆಣ್ಣುಮಕ್ಕಳು ಮಂಗಳ್ಯಾನಿಗೆ ಆರತಿ ಎತ್ತಿ ಒಳಗೆ ಕರೆದುಕೊಂಡರು. ಇಲ್ಲಿಗೆ ಮಂಗಳ, ಅಂದರೆ ಅವನು ಮುಂದೆ ಬರುವುದು ಇಲ್ಲಿಗೆ ಎಂದು ಜನ ಅರ್ಥ ಮಾಡಿಕೊಂಡಿದ್ದರು. ಹೊಳೆವ್ವ ಆಯಿ ಬೆಳಕು ಹರಿಯುತ್ತಲೇ ಗಂಟು ಕಟ್ಟಿ ಎದ್ದಿದ್ದಳು. ಬಾಂಬಿಗೆ ಬಗ್ಗದವನು ಪಂಚಾಂಗದವರ ಶಾಂತಿಗೆ ಬಗ್ಗುತ್ತಾನೆಯೇ, ಈ ಸಂಬಂಧ ನಮಗೆ ಬೇಡ ಎಂದು ಎಲ್ಲರ ಎದುರಿಗೆ ಹೇಳಿದ್ದಳು. ಡಬ್ಬಿ ಬದಲಾಗಿದೆ, ಕೊನೆಗೆ ಅವನು ಸಾಯುತ್ತಾನೆ ಎಂದು ಫಕೀರಪ್ಪ ಕೈಮುಗಿದು ಹೇಳಿದರೆ, ಸತ್ತದ್ದನ್ನು ನಾನು ಕಂಡಿಲ್ಲ, ಸುಟ್ಟದ್ದನ್ನು ಕಂಡಿದ್ದೇನೆ ಎಂದಳಂತೆ.

ಇದನ್ನು ನನಗೆ ಹೇಳಿದವಳು ನೀಲವ್ವ. ಡೇರೆಯ ಹಗ್ಗ ಸರಿಸಿ ನೆಟ್ಟಗೆ ಒಳಗೆ ಬಂದಳು. ಮಾಲಕರು, ಸಿನಿಮಾ ಸಿನಿಮಾ ಅಷ್ಟೇ ತಾಯಿ, ಅದಕ್ಕೂ ಲಗ್ನಕ್ಕೂ ಏನು ಸಂಬಂಧ ಎಂದು ಗೊಣಗಿದರು. ಅವಳು ಅವರ ಕಡೆ ನೋಡಲೂ ಇಲ್ಲ.

"ಮಾಸ್ತರ, ಇಷ್ಟು ದಿವಸ ಬಂದವರು ಬ್ಯಾಡ ಅಂದು ಹೋದ್ರ ನಾ ಅತ್ತಿಲ್ಲ. ಅವರು ಯಾರೂ ನನಗ ಬೇಕಾಗಿದ್ದಿಲ್ಲ. ಇವರು ಬೇಕು. ನಿಮ್ಮ ಬಾಯಿಂದ ಕೆಟ್ಟೈತಿ, ನಿಮ್ಮ ಬಾಯಿಂದನ ನೆಟ್ಟಗ ಆಗ್ಲಿ."

ಅಷ್ಟು ಹೇಳಿ ಹೋದಳು. ನಗಿಸುವುದಷ್ಟೇ ನನ್ನ ಕೆಲಸ ಎಂದುಕೊಂಡಿದ್ದೆ, ಒಬ್ಬಳ ಬದುಕೇ ನನ್ನ ತುತ್ತೂರಿಗೆ ಸಿಕ್ಕಿಬಿದ್ದಿತ್ತು. ಆರತಿಯ ಡಬ್ಬಿಯನ್ನೂ ತುತ್ತೂರಿಯನ್ನೂ ಗೋಣಿಚೀಲದಲ್ಲಿ ಸುತ್ತಿಕೊಂಡು, ಮಾಲಕರು ಕೂಗುತ್ತಿದ್ದರೂ ಕೇಳದೆ ಬಸ್ಸಿಗೆ ಓಡಿದೆ. ಮುಂಡರಗಿಗೆ ಹೋಗಿ ಮಂಗಳ್ಯಾನ ಸಾವನ್ನು ತರುವುದು, ಆಮೇಲೆ ಹೇಗಾದರೂ ಮಾಡಿ ಅದನ್ನು ಮುದುಕಿಗೆ ತೋರಿಸುವುದು, ಇದು ನನ್ನ ವಿಚಾರ. ಬಸ್ಸು ಏರಿ ನೋಡುತ್ತೇನೆ, ಎದುರಿನ ಸೀಟಿನಲ್ಲಿ ಹೊಳೆವ್ವ ಆಯಿ, ಪಕ್ಕದಲ್ಲಿ ಮೋರೆ ಇಳಿಬಿಟ್ಟ ಮಲ್ಲಪ್ಪ.

ಕತ್ತಲಲ್ಲಿ ನಿಲ್ಲುವವನ ಮುಖ ಯಾರಿಗೂ ಗುರುತಿರುವುದಿಲ್ಲ. ಆದರೆ ಬಾಯಿ ತೆರೆದರೆ ಮುಗಿಯಿತು. ಕಂಡಕ್ಟರು ಎಲ್ಲಿಗೆ ಎಂದು ಕೇಳಿದ. ನಾನು ಮುಂದಕ್ಕೆ ಕೈ ತೋರಿಸಿದೆ. ಶಿರಹಟ್ಟಿಯೋ ಎಂದ. ಇನ್ನೂ ಮುಂದಕ್ಕೆ ತೋರಿಸಿದೆ. ಮುಂಡರಗಿಯೋ ಎಂದಾಗ ತಲೆಯಾಡಿಸಿದೆ. ಪಾಪ ಮೂಗ ಎಂದು ಅವನು ಬಸ್ಸಿಗೆಲ್ಲ ಸಾರಿ, ನನ್ನನ್ನು ಇನ್ನೂ ಒಳ್ಳೆಯ ಜಾಗದಲ್ಲಿ, ಆಯಿಯ ಮಗ್ಗುಲಲ್ಲೇ ಕೂರಿಸಿದ. ಮುದುಕಿ ನನ್ನನ್ನು ನೋಡಿ ಲೊಚಗುಟ್ಟಿದಳು. "ನಿನ್ನೆ ಆ ಬಾಯಿ ಮಾಸ್ತರಗ ಅಷ್ಟೊಂದು ಬಾಯಿ ಕೊಟ್ಟಾನ, ಈ ಬಡವಗ ಒಂದು ಮಾತು ಕೊಟ್ಟಿಲ್ಲ. ದೇವರಿಗೆ ಹಂಚಾಕನ ಬರೂದಿಲ್ಲ ನೋಡು ಮಲ್ಯಾ." ಗಂಟು ಬಿಚ್ಚಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ನನಗೂ ಕೊಟ್ಟಳು, ಮೊಮ್ಮಗನಿಗೂ ಕೊಟ್ಟಳು. ನಾನು ತಿಂದೆ. ಅವನು ಮುಟ್ಟಲಿಲ್ಲ.

ಆಯಿಯ ತೊಡೆಯ ಮೇಲೆ ಬಾಯಿಗೆ ಬಟ್ಟೆ ಕಟ್ಟಿದ ತಾಮ್ರದ ತಂಬಿಗೆ ಇತ್ತು. ಅದರಲ್ಲಿ ಕೊರ್ಲಹಳ್ಳಿಯ ಹೊಳೆಯ ನೀರು. ಎಲ್ಲಿಗೆ ಹೋದರೂ ಒಯ್ಯುವವಳೇ, ಬೇರೆ ಊರಿನ ನೀರು ಅವಳಿಗೆ ಆಗಿಬರುವುದಿಲ್ಲ. ತಮ್ಮ ಹೊಳೆಯ ನೀರು ಹೊಸಬರಿಗೆ ಮೊದಲು ನೆಗಡಿ ತರುತ್ತದೆ, ಆಮೇಲೆ ಮೈಯಲ್ಲಿರುವ ಜಡ್ಡನ್ನೆಲ್ಲ ಹೊರಗೆ ಹಾಕುತ್ತದೆ ಎಂದು ಬಸ್ಸಿನವರಿಗೆಲ್ಲ ವಿವರಿಸಿದಳು. ಈ ದಂಡೆಗೆ ಒಂದು ಸರಕಾರ, ಆ ದಂಡೆಗೆ ಒಂದು ಸರಕಾರ, ನೀರು ಮಾತ್ರ ಎಂದೂ ಒಂದೇ ಎಂದಳು. "ಕುಡಿಯಪಾ ತಮ್ಮಾ. ಬಾಯಿ ಬಂದ್ರೂ ಬಂದೀತು." ಕುಡಿದೆ. ನೀರು ನಿಜಕ್ಕೂ ಸಿಹಿಯಾಗಿತ್ತು.

ಶಿರಹಟ್ಟಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಆಯಿ ಎಲೆ ಅಡಿಕೆ ಕೊಳ್ಳುತ್ತಿದ್ದಾಗ ಮಲ್ಲಪ್ಪ ನನ್ನನ್ನು ಗೋಡೆಯ ಹಿಂದಕ್ಕೆ ಎಳೆದ. ಫಕೀರಪ್ಪನವರ ಅಂಗಳದಲ್ಲಿ ಅವನು ನನ್ನನ್ನು ನೋಡಿದ್ದ. "ಮಾಸ್ತರ, ನೀವು ಮೂಗರಾಗಿ ಕುಂತರ ನನ್ನ ಗತಿ ಏನ್ರಿ?" ಆಯಿಯ ಎದುರು ತನಗೆ ಬಾಯಿ ಏಳುವುದಿಲ್ಲ, ಆದರೆ ನೀಲವ್ವನ ಹೊರತು ಬೇರೆ ಹುಡುಗಿಯನ್ನು ನೋಡುವುದಿಲ್ಲ ಎಂದ. ನಾನು ಪಿಸುಗುಟ್ಟಿ ವಿಷಯ ಹೇಳಿದೆ. ಅವನ ಮುಖ ಅರಳಿತು. ಮುಂಡರಗಿಯಲ್ಲಿ ದೇವರ ಸಿನಿಮಾ ಬಂದಿದೆ, ನಿನ್ನೆ ಕಂಡದ್ದರ ಪಾಪ ಕಳೆಯಲು ನೋಡಿಕೊಂಡು ಹೋಗೋಣ ಎಂದು ಆಯಿಯನ್ನು ಒಪ್ಪಿಸುವುದು ತನ್ನ ಹೊಣೆ ಎಂದ. ಮತ್ತೆ ಬಸ್ಸು ಹೊರಟಿತು. ರಸ್ತೆಯ ಒಂದು ಕುಣಿಯಲ್ಲಿ ಅದು ಜಿಗಿದಾಗ ನನ್ನ ತಲೆ ಕಂಬಿಗೆ ಬಡಿದು ಬಾಯಿಂದ ಏನೋ ಸದ್ದು ಹೊರಟಿತು. ಆಯಿ ಕಣ್ಣು ಮುಚ್ಚಿಕೊಂಡಿದ್ದಳು. ಕೇಳಿಸಿರಲಾರದು ಎಂದು ಸಮಾಧಾನಪಟ್ಟೆ.

ಮುಂಡರಗಿಯ ಡೇರೆಯ ಮ್ಯಾನೇಜರು ಡಬ್ಬಿ ಕೊಡಲು ತಯಾರಿರಲಿಲ್ಲ. ಅಲ್ಲಿ ಹಿಂದಿನ ದಿನ ದೇವರ ಕಥೆ ನಡೆದು, ಆರತಿ ಬರಬೇಕಾದ ಕಡೆ ಮಂಗಳ್ಯಾ ಬಂದಿದ್ದ, ಬಂದವನೇ ಸತ್ತಿದ್ದ. ಹೇಳುವವರು ಯಾರೂ ಇಲ್ಲದಿದ್ದರೂ ಜನ ತಾವೇ ಅರ್ಥ ಮಾಡಿಕೊಂಡಿದ್ದರು. ದೇವರು ರಾಕ್ಷಸರನ್ನು ಕೊಂದ. ಪರದೆಯ ಮುಂದೆ ತೆಂಗಿನಕಾಯಿ ಒಡೆದಿದ್ದರು. ಇಂದೂ ಅದೇ ಬೇಕೆಂದು ಊರಿಗೆ ಊರೇ ಬರುತ್ತಿದೆ, ಆದರೆ ಆರತಿ ಇಲ್ಲದೆ ಜನರ ನಡುವೆ ಕಾಣಿಕೆಯ ತಟ್ಟೆ ತಿರುಗಿಸಲು ಆಗಲಿಲ್ಲ ಎಂಬುದೊಂದೇ ಅವನ ಕೊರಗು. ನಾನು ಗೋಣಿಚೀಲ ಬಿಚ್ಚಿ ಆರತಿಯ ಡಬ್ಬಿ ತೋರಿಸಿದೆ. ಮೊದಲು ರಾಕ್ಷಸರು ಸಾಯಲಿ, ಆಮೇಲೆ ಆರತಿ ಆಗಲಿ, ನಡುವೆ ಮಾತು ನನ್ನದು, ಆಟ ಮುಗಿದ ಮೇಲೆ ನಮ್ಮದು ನಮಗೆ ಎಂದೆ. ಅವನಿಗೆ ಎರಡೂ ಕೈಯಲ್ಲಿ ಹೋಳಿಗೆ ಸಿಕ್ಕಂತಾಯಿತು.

ಅಂದಿನ ಮೊದಲ ಆಟಕ್ಕೆ ಹೊಳೆವ್ವ ಆಯಿ ತಂಬಿಗೆ ಸಮೇತ ಬಂದು ಕೂತಳು. ದೇವರ ಕಥೆಗೆ ಕಣ್ಣೀರು ಹಾಕಿದಳು. ಕೊನೆಯ ಡಬ್ಬಿ ಏರಿತು. ಸೌಟಿನ ಯಂತ್ರ ಪರದೆಗೆ ಬರುತ್ತಲೇ ಅವಳು ಎದ್ದು ನಿಂತದ್ದು ನನಗೆ ಕಂಡಿತು. ಮೇಜು ಹತ್ತಿದೆ. ನನ್ನ ಜೀವನದಲ್ಲಿ ಅಷ್ಟು ಹೆದರಿ ತುತ್ತೂರಿ ಎತ್ತಿದ್ದು ಅದೊಂದೇ ಸಲ.

ಮಂಗಳ್ಯಾನನ್ನು ಯಾವ ಸರಕಾರಕ್ಕೂ ತಡೆಯಲಾಗಲಿಲ್ಲ ಎಂದೆ. ಊರು ಗೆದ್ದ ಸೊಕ್ಕಿನಲ್ಲಿ ಅವನಿಗೆ ಬಾಯಾರಿತು. ಅವನ ಲೋಕದಲ್ಲಿ ಹೊಳೆ ಇಲ್ಲ, ಹಳ್ಳ ಇಲ್ಲ. ನಮ್ಮ ಹೊಳೆಗೆ ಇಳಿದು ಬೊಗಸೆ ತುಂಬಾ ನೀರು ಕುಡಿದ. ಪರದೆಯ ಮೇಲೆ ಯಂತ್ರ ಓಲಾಡತೊಡಗಿತು. ನೀರು ಬದಲಾಯಿತು, ಮೈಗೆ ಆಗಿಬರಲಿಲ್ಲ, ನೆಗಡಿ ಹತ್ತಿತು, ಜ್ವರ ಏರಿತು ಎಂದೆ. ಯಂತ್ರ ಗೋಡೆಗೆ ಗುದ್ದಿ ಉರುಳಿತು. ಅಷ್ಟರಲ್ಲಿ ಆಯಿಯ ದನಿ ಬಂತು.

"ಯಾವ ಊರ ಹೊಳಿ ಅದು?"

ಮಾಸ್ತರರ ಮಾತು ನೆನಪಾಯಿತು. ಕಾದಂಬರಿಯವನು ತನ್ನ ಊರಲ್ಲಿ ಇಟ್ಟದ್ದನ್ನು ಸಿನಿಮಾದವರು ಅಮೆರಿಕಕ್ಕೆ ಒಯ್ದರು. ನಾನು ಇನ್ನು ಸ್ವಲ್ಪ ದೂರ ಒಯ್ದೆ.

"ಕೊರ್ಲಹಳ್ಳಿ ಹೊಳಿ ರೀ ಆಯಿ."

ಡೇರೆಯಲ್ಲಿ ಕೊರ್ಲಹಳ್ಳಿಯವರು ಬಹಳ ಜನ ಇದ್ದರು. ಎದ್ದ ಗದ್ದಲಕ್ಕೆ ಕಂಬಗಳು ಅಲ್ಲಾಡಿದವು. ಯಂತ್ರದ ಬಾಗಿಲಿನಿಂದ ಮಂಗಳ್ಯಾನ ಬಡಕಲು ಕೈ ಹೊರಗೆ ಬಂದು ನಿಶ್ಚಲವಾಯಿತು. ಆಯಿ ಅದನ್ನು ಕಣ್ಣು ಕಿರಿದು ಮಾಡಿ ಪೂರ್ತಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ತಂಬಿಗೆ ಎತ್ತಿ ಹಿಡಿದು ಊರಿಗೆಲ್ಲ ಕೇಳುವಂತೆ ಹೇಳಿದಳು. "ಇಂವ ಮುಂಜಾನಿ ಮೂಗ ಇದ್ದ. ನನ್ನ ತಂಬಗಿ ನೀರು ಕುಡದು ಈಗ ಹೆಂಗ ಮಾತಾಡಾಕತ್ತಾನ ನೋಡ್ರಿ. ಇಂಥಾ ನೀರಿಗೆ ಮಂಗಳ್ಯಾ ಯಾವ ಲೆಕ್ಕ? ಲೇ ಮಲ್ಯಾ, ನಾಳೆ ಲಕ್ಷ್ಮೇಶ್ವರಕ್ಕ ಹೋಗು. ಹುಡುಗಿ ನಮ್ಮ ಹೊಳಿ ನೀರು ಕುಡಿಯಾಕ ಬರಲಿ ಅಂತ ಹೇಳು."

ಹಿಂದೆಯೇ ಮುತ್ತೈದೆಯರು ಆರತಿ ಹಿಡಿದು ಬಂದರು. ಈ ಸಲ ನಾನು ಏನೂ ಹೇಳಲಿಲ್ಲ.

ರಾಜ್ಯ ಒಂದಾದ ಆ ಚಳಿಗಾಲದಲ್ಲೇ ಲಗ್ನವಾಯಿತು. ನೀಲವ್ವ ಕೊರ್ಲಹಳ್ಳಿಗೆ ಹೋಗಿ ಹೊಳೆಯ ನೀರು ಕುಡಿದ ಮರುದಿನವೇ ಅವಳಿಗೆ ಮೂಗು ಕಟ್ಟಿತಂತೆ. ಅವಳು ಸೀನಿದಾಗಲೆಲ್ಲ ಆಯಿ, ಹೋದ, ಮಂಗಳ್ಯಾ ಹೋದ ಎಂದು ಓಣಿಗೆ ಕೇಳುವಂತೆ ಸಾರಿದಳಂತೆ. ನನ್ನ ಕೆಲಸವೂ ಬಹಳ ವರ್ಷ ಬಾಳಲಿಲ್ಲ. ಕನ್ನಡದ ಚಿತ್ರಗಳು ಹೆಚ್ಚಾದವು, ಪರದೆಯವರೇ ಕನ್ನಡ ಮಾತನಾಡತೊಡಗಿದ ಮೇಲೆ ಪಕ್ಕದಲ್ಲಿ ನಿಂತವನಿಗೆ ಏನು ಕೆಲಸ? ತುತ್ತೂರಿ ಮಾಲಕರ ಅಟ್ಟ ಸೇರಿತು. ನಾನು ಗದಗಿನ ಚಿತ್ರಮಂದಿರದಲ್ಲಿ ಟಿಕೇಟು ಹರಿಯುತ್ತಾ ನಿವೃತ್ತನಾದೆ. ಅದರಲ್ಲಿ ಹೇಳುವಂಥದ್ದೇನೂ ಇಲ್ಲ.

ಒಮ್ಮೆ ಮಾತ್ರ ಕೊರ್ಲಹಳ್ಳಿಗೆ ಹೋಗಿದ್ದೆ. ನೀಲವ್ವ ಹಿರಿಯ ಮಗನನ್ನು ಶಾಲೆಗೆ ಕಳಿಸಿ ಬಂದು, ನನ್ನ ಕಂಡು ಬಾಯಿ ತುಂಬಾ ನಕ್ಕಳು. ಆಯಿ ಪಡಸಾಲೆಯಲ್ಲಿ ಕೂತಿದ್ದಳು, ಕಣ್ಣು ಮಂದವಾಗಿತ್ತು. ನನ್ನ ಮುಂದೆ ಅದೇ ತಂಬಿಗೆ ಇಡಿಸಿದಳು. ನೆಗಡಿಯಾದೀತು ಆಯಿ ಎಂದು ನಗೆಯಾಡಿದೆ. ಅವಳು ನಗಲಿಲ್ಲ.

"ನೀ ಮೂಗ ಅಂತ ನಾ ನಂಬಿದ್ನೇನ ತಮ್ಮಾ? ಶಿರಹಟ್ಟಿ ದಾಟಿದ ಮ್ಯಾಲೆ ತಲಿ ಬಡಕೊಂಡು ಯಪ್ಪಾ ಅಂದೆಲ್ಲಾ, ಅವಾಗ ಗುರುತು ಹಿಡದೆ."

ಮತ್ತೆ ಡೇರೆಯಲ್ಲಿ ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. ಆಯಿ ಒಳಗೆ ನೀಲವ್ವನ ಬಳೆಯ ಸದ್ದಿಗೆ ಕಿವಿಗೊಟ್ಟು, ದನಿ ತಗ್ಗಿಸಿದಳು.

"ಬ್ಯಾಡ ಅಂದು ಎದ್ದು ಬಂದಿದ್ದೆ. ಬರುವಾಗ ಆ ಹುಡುಗಿ ಬಾಗಲದಾಗ ನಿಂತಿದ್ದು ಕಣ್ಣಾಗಿಂದ ಹೋಗಲಿಲ್ಲ. ಇಂವ ರೊಟ್ಟಿ ಮುಟ್ಟಲಿಲ್ಲ. ಎಲ್ಲಾರ ಎದುರಿಗೆ ಆಡಿದ ಮಾತು, ಹಿರೇ ಮನಷ್ಯಾಳು ಹೆಂಗ ನುಂಗಲಿ? ನಿನಗರ ತಿದ್ದಿ ಹೇಳಾಕ ತುತ್ತೂರಿ ಇತ್ತು. ನನಗ ಏನಿತ್ತು? ಅದಕ್ಕ ಹೊಳಿ ಮ್ಯಾಲೆ ಹಾಕಿದೆ. ಕುಡಿ, ನೀರು ಕುಡಿ."

ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಒಂದು ಮಾತೂ ಬರಲಿಲ್ಲ. ಹಿಂದೆ ಸುಳ್ಳು ಮೂಗನಾಗಿ ಕುಡಿದ ಆ ನೀರನ್ನು ಅಂದು ನಿಜವಾದ ಮೂಗನಾಗಿ ಕುಡಿದೆ.